ಐದಕ್ಕೆ ಮೇನ್ ಇಳಿಯುತ್ತದೆ

ಭಾಗೀರಥಿಬಾಯಿಯವರ ತಾಯಿ ಕೈಯಾರೆ ಬರೆದಿಟ್ಟ ಹಾಡಿನ ವಹಿಯ ನೂರಾ ನಲವತ್ತು ಪುಟಗಳನ್ನು ನಾನು ಕಳೆದಿದ್ದೆ. ವಹಿ ಅವರ ಬಳಿಯೇ ಇತ್ತು, ಕಳೆದದ್ದು ಅದರ ಸ್ಕ್ಯಾನ್. ಆದರೆ ಆ ಕಾಗದ ಸುಟ್ಟ ಹಪ್ಪಳದಂತಾಗಿತ್ತು, ತೆರೆದಾಗಲೆಲ್ಲ ಅಂಚು ಉದುರುತ್ತಿತ್ತು. ಸುದ್ದಿ ಹೇಳಲು ಹೋದಾಗ ಅವರು ಬೈಯಲಿಲ್ಲ, ವಹಿಯನ್ನು ಎದೆಗವಚಿಕೊಂಡು ಒಳಗೆ ಹೋದರು. ಬೈದಿದ್ದರೆ ನನಗೆ ಸಮಾಧಾನವಾದರೂ ಆಗುತ್ತಿತ್ತು.

ನಮ್ಮದು ಹಳೆಯ ಕೈಬರಹ ಉಳಿಸುವ ಪುಟ್ಟ ಸಂಸ್ಥೆ. ಸವದತ್ತಿಯಲ್ಲಿ ಸ್ಕ್ಯಾನರ್, ಅಲ್ಲೂ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಲ್ಲೂ ಒಂದೊಂದು ಸರ್ವರ್. ಪುಟ ಮೊದಲು ಸವದತ್ತಿಯ ಒಂದು ಸಣ್ಣ, ವೇಗದ ಡಿಸ್ಕಿಗೆ ಬೀಳುತ್ತದೆ. ಅದು ಕ್ಯಾಶ್. ಅಲ್ಲಿಂದ ನಾಲ್ಕೂ ಊರಿನ ದೊಡ್ಡ, ನಿಧಾನದ ಡಿಸ್ಕುಗಳಿಗೆ ಸಾಗಿಸುವುದೇ ಫ್ಲಶ್. ಕ್ಯಾಶ್ ಶೇಕಡಾ ಎಂಬತ್ತು ತುಂಬಿದಾಗ ಇಲ್ಲವೇ ರಾತ್ರಿ ಲೈನ್ ಖಾಲಿ ಇದ್ದಾಗ ಫ್ಲಶ್ ಆಗಲಿ ಎಂದು ಸೆಟ್ ಮಾಡಿದವಳು ನಾನು, ಮಾಡಿ ಬೀಗಿದವಳೂ ನಾನೇ. ಎಂಬತ್ತು ತುಂಬುವ ಮೊದಲೇ ಒಂದು ಬೆಳಿಗ್ಗೆ ಆ ಡಿಸ್ಕ್ ವಹಿಯ ಪುಟಗಳ ಸಮೇತ ಸತ್ತಿತು.

ರಾತ್ರಿಯ ಫ್ಲಶ್ ಒಂದು ದಿನವೂ ಆಗಿರಲಿಲ್ಲ. ಸಂಜೆಯಾದರೆ ರಾಮದುರ್ಗದ ಸರ್ವರ್ ನಾಪತ್ತೆ, ಒಂದು ಊರು ಇಲ್ಲದಿದ್ದರೆ ಉಳಿದವೂ ಕಾಯುತ್ತಿದ್ದವು. ನಾನು ಸುಮ್ಮನೆ ಕರೆಂಟಿನವರನ್ನು ಶಪಿಸಿಕೊಂಡಿದ್ದೆ. ಕೊನೆಗೆ, ಅಲ್ಲಿ ಸರ್ವರ್ ಇಟ್ಟಿರುವ ವಾಚನಾಲಯ ನೋಡಿಕೊಳ್ಳುವ ಮುತ್ತಪ್ಪನವರಿಗೆ ಫೋನ್ ಮಾಡಿದೆ.

"ದಿನಾ ಐದಕ್ಕ ಮೇನ್ ಸ್ವಿಚ್ ಇಳಸ್ತೇನ್ರಿ ಮೇಡಂ. ಹಿಂದ ಒಮ್ಮೆ ವೈರ್ ಸುಟ್ಟು ಒಂದು ಕಪಾಟು ಪುಸ್ತಕ ಬೂದಿ ಆಗ್ಯಾವ. ನಿಮ್ಮ ಮಷೀನ್ ಸಲುವಾಗಿ ಉಳದದ್ದನ್ನ ಸುಡಾಕ ಆಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಬಿಟ್ಟು ಯೋಚಿಸಿದರೆ ಮನುಷ್ಯ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬದಲಾಗಬೇಕಾದದ್ದು ನನ್ನ ಲೆಕ್ಕಾಚಾರ.

ನಮ್ಮವ್ವ ರೊಟ್ಟಿ ಬಡಿಯುವಾಗ ಬುಟ್ಟಿ ತುಂಬಲಿ ಎಂದು ಕೂರುವುದಿಲ್ಲ, ನಾಲ್ಕು ಬೆಂದ ಕೂಡಲೇ ಊಟಕ್ಕೆ ಕೂಗುತ್ತಾಳೆ. ನಾನೂ ಫ್ಲಶ್ ಅನ್ನು ಶೇಕಡಾ ಎಂಬತ್ತರಿಂದ ಶೇಕಡಾ ಐದಕ್ಕೆ ಇಳಿಸಿದೆ. ಆಗ ಡಿಸ್ಕಿಗೆ ಬರೀ ಸಾಗಿಸುವುದೇ ಕೆಲಸವಾಗಿ ಸ್ಕ್ಯಾನರ್ ಪುಟಕ್ಕೊಮ್ಮೆ ನಿಲ್ಲತೊಡಗಿತು. ತಿಂಗಳುಗಟ್ಟಲೆ ತಿದ್ದಿ, ಇಪ್ಪತ್ತಕ್ಕೆ ನಿಲ್ಲಿಸಿದೆ: ಸ್ಕ್ಯಾನ್ ನಡೆಯುವಾಗ ನಿಧಾನ, ಊಟದ ಹೊತ್ತಿನಲ್ಲೋ ಕೆಲಸ ಮುಗಿದ ಮೇಲೋ ಸ್ಕ್ಯಾನರ್ ನಿಂತರೆ ಕ್ಯಾಶ್ ಖಾಲಿಯಾಗುವವರೆಗೆ ಜೋರು.

ಆಮೇಲೆ ಭಾಗೀರಥಿಬಾಯಿಯವರ ಮನೆಗೆ ಆರು ಸಲ ಅಲೆದೆ. ಏಳನೆಯದಕ್ಕೆ ಅವರೇ ವಹಿ ಹಿಡಿದು ಆಫೀಸಿಗೆ ಬಂದರು. ಇನ್ನೊಮ್ಮೆ ತೆರೆದರೆ ಅದು ಪುಡಿಯಾಗುತ್ತದೆ, ಇದೇ ಕಡೆಯ ಸಲ ಎಂದರು. ಪುಟಗಳು ಎಲ್ಲ ಊರು ಮುಟ್ಟುವವರೆಗೆ ತಾವು ಕದಲುವುದಿಲ್ಲ ಎಂದೂ ಹೇಳಿ ಕುರ್ಚಿ ಎಳೆದುಕೊಂಡರು.

ಒಂದೊಂದೇ ಹಾಳೆಯನ್ನು ಎರಡೂ ಕೈಯಿಂದ ಎತ್ತಿ ತಿರುಗಿಸಿದೆ. ಮಧ್ಯಾಹ್ನ ಅವರು ಬುತ್ತಿ ಬಿಚ್ಚಿ ನನಗೂ ಅವಲಕ್ಕಿ ಕೊಟ್ಟರು. ತಿಂದು ಮುಗಿಸುವಷ್ಟರಲ್ಲಿ ಅರ್ಧ ವಹಿ ಸಾಗಿಹೋಗಿತ್ತು. ಕೊನೆಯ ಪುಟ ಮುಗಿದಾಗ ನಾಲ್ಕೂ ನಲವತ್ತು, ಕ್ಯಾಶಿನಲ್ಲಿ ಇನ್ನೂ ಹದಿನೆಂಟು ಪುಟ. ಮುತ್ತಪ್ಪನವರಿಗೆ ಹತ್ತು ನಿಮಿಷ ತಡೆಯಲು ಹೇಳೋಣವೆಂದು ಫೋನ್ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಇವತ್ತು ಕೇಳಿದರೆ ನಾಳೆಯೂ ಕೇಳಬೇಕಾಗುತ್ತದೆ. ಉಳಿದ ಪುಟ ಹನ್ನೊಂದಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು. ನಾಲ್ಕೂ ಐವತ್ತೊಂದಕ್ಕೆ ಸೊನ್ನೆ.

"ಎಲ್ಲಾ ಮುಟ್ಟ್ಯಾವ್ರಿ ಬಾಯಾರ. ನಾಕೂ ಊರಾಗ ಅದಾವು."

ಅವರು ಸ್ಕ್ರೀನಿನ ಮೇಲಿದ್ದ ತಾಯಿಯ ಅಕ್ಷರವನ್ನು ಬಹಳ ಹೊತ್ತು ನೋಡಿದರು. ನನಗೆ ಅಳು ಬಂತು, ತಡೆಯಲಿಲ್ಲ.

"ನಮ್ಮವ್ವ ಹುಟ್ಟಿದ್ದು ತೊರಗಲ್ಲದಾಗ, ಸತ್ತದ್ದು ಸವದತ್ಯಾಗ," ಎಂದರು. "ಮೂರನೇ ಊರು ಕಂಡಾಕಿ ಅಲ್ಲ. ಈಗ ನೋಡು, ನಾಕೂರಾಗ ಮನಿ ಮಾಡ್ಯಾಳ."