ಗ್ರಾಮಸಭೆಯ ಮೌನಾಚರಣೆ

ಅಂಗನವಾಡಿಯ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಕೇಳುವುದಕ್ಕಾಗಿಯೇ ನಾನು ಆ ದಿನ ಗ್ರಾಮಸಭೆಗೆ ಹೋದೆ. ಹಿಂದಿನ ತಿಂಗಳು ನನ್ನ ಹೆಂಡತಿ ಅಶ್ವತ್ಥಮ್ಮ ಪೂಜೆಗೆ ಹೂವು ತರಲು ಹೊರಟವಳು ಅದರಲ್ಲಿ ಜಾರಿ ಬಿದ್ದಳು. ತಲೆಗೆ ಪೆಟ್ಟಾಯಿತು. ಹೊಸಕೋಟೆಯ ಆಸ್ಪತ್ರೆಯಿಂದ ಜೀವಂತವಾಗಿ ಮನೆಗೆ ಬರಲಿಲ್ಲ. ಭಗವಂತ ಕರೆದುಕೊಂಡ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಭಗವಂತನ ಮೇಲೆ ನನಗೆ ದೂರಿಲ್ಲ. ಚರಂಡಿ ತೋಡಿಸಿ ಮುಚ್ಚದೆ ಬಿಟ್ಟವನು ಅವನಲ್ಲ.

ಪಂಚಾಯಿತಿ ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಅಧ್ಯಕ್ಷ ಉಮಾಶಂಕರ್ ಆ ವರ್ಷದ ಅನುದಾನದಲ್ಲಿ ಮಾಡುವ ಕೆಲಸಗಳನ್ನು ಓದಿದ. ಊರ ಬಾಗಿಲಿಗೆ ಸ್ವಾಗತ ಕಮಾನು, ದೇವಸ್ಥಾನದ ಮುಂದೆ ಎತ್ತರದ ದೀಪದ ಕಂಬ, ಕಚೇರಿಗೆ ಹೊಸ ಟೈಲ್ಸ್. ಚರಂಡಿಯ ಮಾತೇ ಬರಲಿಲ್ಲ.

“ಕಮಾನು ಯಾಕಪ್ಪಾ? ಊರಿನ ದಾರಿ ಮರ್ತೋರು ಯಾರಿದಾರೆ ಇಲ್ಲಿ?” ಎಂದ ಪಕ್ಕದ ಮನೆಯ ಪಿಳ್ಳಣ್ಣ.

“ಬೆಂಗಳೂರಿಂದ ಸೈಟ್ ನೋಡಕ್ಕೆ ಬರ್ತಾರಲ್ಲ ಪಿಳ್ಳಣ್ಣ, ಅವರಿಗೆ ಇದೊಂದು ಊರು ಅಂತ ಕಾಣ್ಬೇಡ್ವಾ?” ಎಂದ ಅಧ್ಯಕ್ಷ.

ಜನ ನಕ್ಕರು. ನಾನು ಎದ್ದೆ.

“ಕೂತ್ಕೊಳ್ಳಿ ವೆಂಕಟರಮಣಪ್ಪನೋರೆ. ನಿಮ್ಮ ವಿಷಯ ಕೊನೇಲಿ ಇಟ್ಕೊಂಡಿದೀವಿ” ಎಂದ ಉಮಾಶಂಕರ್.

ನಂಬಿ ಕುಳಿತೆ. ಕೊನೆಗೆ ಅವನು ಮೈಕಿನಲ್ಲಿ, “ನಮ್ಮ ಅಶ್ವತ್ಥಮ್ಮಜ್ಜಿಗೋಸ್ಕರ ಎಲ್ರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣ” ಎಂದ.

ತೀರಿಕೊಂಡವರಿಗೆ ಸಭೆಯ ಮೊದಲಲ್ಲೇ ಮೌನ ಆಚರಿಸುವುದು ನಮ್ಮಲ್ಲಿನ ರೂಢಿ. ಅಂದು ಕೊನೆಗೆ ಇಟ್ಟಿದ್ದರು. ಹಿಂದುಗಡೆ ಚಿತ್ರಾನ್ನದ ಪಾತ್ರೆಯ ಮುಚ್ಚಳ ತೆಗೆದಿದ್ದರು. ನನಗೆ ಎಲ್ಲವೂ ಅರ್ಥವಾಯಿತು. ಆದರೆ ಅವಳ ಹೆಸರಿನ ಮೌನವನ್ನು ನಾನೇ ಹೇಗೆ ಮುರಿಯಲಿ? ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಾರಾಯಣ ಎಂದೆ. ಕಣ್ಣು ತೆರೆದಾಗ ಜನ ಪಾತ್ರೆಯ ಸುತ್ತ ನಿಂತಿದ್ದರು. ಒಮ್ಮೆ ಎದ್ದ ಸಭೆ ಮತ್ತೆ ಕೂರುವುದಿಲ್ಲ.

“ಚಪ್ಪಡಿ ಮಾತು ಹಾಗೇ ಉಳೀತಲ್ಲಪ್ಪಾ” ಎಂದೆ ಉಮಾಶಂಕರನಿಗೆ.

“ಸಭೆ ಮುಗೀತಲ್ಲ ಯಜಮಾನ್ರೆ, ಎಲ್ರೂ ಒಪ್ಕೊಂಡ್ಬಿಟ್ರು. ಬರೋ ವರ್ಷ ನೋಡೋಣ. ಬನ್ನಿ, ಚಿತ್ರಾನ್ನ ತಿನ್ನಿ.”

“ಬರೋ ವರ್ಷ ಯಾರಿಗಪ್ಪಾ ಮೌನ?”

ಅವನು ಎಲೆಗೆ ಇನ್ನೊಂದು ಸೌಟು ಚಿತ್ರಾನ್ನ ಹಾಕಿಸಿಕೊಂಡ.

ಮನೆಗೆ ಬಂದು ಹಿತ್ತಲಿನಲ್ಲಿದ್ದ, ಅಶ್ವತ್ಥಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಕೀಳಿಸಿದೆ. ಪಿಳ್ಳಣ್ಣನೂ ಅವನ ಅಳಿಯನೂ ಹೊತ್ತು ತಂದು, ಅವಳು ಬಿದ್ದ ಜಾಗದ ಮೇಲೆ ಹಾಸಿದರು.

“ಹುಷಾರು ಕಣಣ್ಣೋ, ಇದಕ್ಕೂ ಫೋಟೋ ಹೊಡ್ಕೊಂಡು ಬಿಲ್ ಮಾಡ್ಕೊಂಡಾರು” ಎಂದ ಪಿಳ್ಳಣ್ಣ.

ಕಲ್ಲು ಒಬ್ಬರು ದಾಟುವಷ್ಟು ಅಗಲ ಮುಚ್ಚಿತು. ಉಳಿದ ಚರಂಡಿ ಅಂಗನವಾಡಿಯ ಬಾಗಿಲವರೆಗೂ ಬಾಯಿ ತೆರೆದೇ ಇತ್ತು. ನಮ್ಮ ಮನೆಯಲ್ಲಿ ಇನ್ನೊಂದು ಕಲ್ಲಿರಲಿಲ್ಲ.