ಜಗಳೂರಿನಿಂದ ಜಯಪ್ಪ ಯಾಕೆ ಬಂದ

ಜಗಳೂರಿನ ತೋಟದಲ್ಲಿ ಸಂಬಳ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು, ಇರಲು ಕೋಣೆ ಬೇರೆ. ಅದೆಲ್ಲ ಬಿಟ್ಟು ಜಯಪ್ಪ ಎರಡೇ ತಿಂಗಳಿಗೆ ನ್ಯಾಮತಿಗೆ ಮರಳಿ, ಹಾಲಸ್ವಾಮಿಯವರ ನರ್ಸರಿಯಲ್ಲಿ ಹಳೆಯ ಸಂಬಳಕ್ಕೇ ಸೇರಿಕೊಂಡ. ಅಲ್ಲಿ ಆರು ವರ್ಷದಿಂದ ಅವನ ಜೊತೆ ಸಸಿ ಬೆಳೆಸುತ್ತಿದ್ದ ಅರ್ಷಿಯಾಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

"ಯಾರಾದ್ರೂ ಬೈದ್ರಾ ಜಯಪ್ಪಣ್ಣ?"

"ಇಲ್ಲವ್ವ."

"ಊಟ ಸೇರಲಿಲ್ವಾ?"

"ಊಟ ಚಲೋ ಇತ್ತು."

"ಮತ್ತೆ?"

"ಒಗ್ಗಲಿಲ್ಲ, ಅಷ್ಟೇ," ಎಂದು ಅವನು ಟ್ರೇ ಎತ್ತಿಕೊಂಡು ನಡೆದುಬಿಟ್ಟ.

ಬಿಸಿಲು ತಡೆಯಲಿಲ್ಲವೇನೋ ಎಂದರು ಕೆಲವರು. ಅರ್ಷಿಯಾ ನಂಬಲಿಲ್ಲ. ಬಿಸಿಲಿಗೆ ಹೆದರುವ ಆಳೇ ಅವನು?

ಶ್ರಾವಣದಲ್ಲಿ ಜಗಳೂರಿನ ಅದೇ ತೋಟದವರು ಈ ನರ್ಸರಿಯಿಂದ ಪಪ್ಪಾಯ ಸಸಿ ಕೊಂಡರು. ನೆಡುವುದನ್ನು ತೋರಿಸಿಕೊಡಲು ಯಾರಾದರೂ ಮೂರು ದಿನ ಹೋಗಬೇಕಿತ್ತು. ಹಾಲಸ್ವಾಮಿ ಮಾತು ಮುಗಿಸುವ ಮುಂಚೆಯೇ ಅರ್ಷಿಯಾ, "ನಾ ಹೋಗ್ತೀನ್ರಿ" ಎಂದಳು.

ತೋಟ ನಿಜಕ್ಕೂ ಚೆನ್ನಾಗಿತ್ತು. ಕುಂದು ಹುಡುಕುತ್ತ ಹೋದವಳಿಗೆ ಮೊದಲ ದಿನ ಸಿಕ್ಕಿದ್ದು ಬಿಸಿ ಮುದ್ದೆ, ಹುರುಳಿ ಸಾರು. ಎರಡನೆಯ ದಿನ, ನೆಡಬೇಕಿದ್ದ ಕೊನೆಯ ಸಾಲಿನಲ್ಲಿ ನೀರು ನಿಂತಿದ್ದು ಕಂಡಿತು.

"ಇಲ್ಲಿ ಬೇರು ಕೊಳೀತಾವೆ ಸಾರ್. ಮಣ್ಣು ಏರಿಸಿ ದಿಬ್ಬ ಮಾಡಿ ನೆಡಬೇಕು," ಎಂದಳು ಸೂಪರ್‌ವೈಸರ್ ಅರುಣ್ ಕುಮಾರ್‌ಗೆ.

"ಪ್ಲಾನ್ ಹಿಂಗೇ ಐತಮ್ಮ. ಹೇಳಿದಷ್ಟು ಮಾಡ್ರಿ." ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮೊಬೈಲಿನಿಂದ ಕಣ್ಣನ್ನೂ ಎತ್ತಲಿಲ್ಲ.

ಪಕ್ಕದಲ್ಲಿ ಗುಣಿ ತೆಗೆಯುತ್ತಿದ್ದ ಅಲ್ಲಿನ ಕೆಲಸದಾಕೆ ಓಬವ್ವ ನಕ್ಕಳು. "ನಿಮ್ಮ ಜಯಪ್ಪನೂ ಹಿಂಗೇ. ಪೈಪು ಸೋರ್ತೈತೆ, ಪೈಪು ಸೋರ್ತೈತೆ ಅಂತ ನಾಕು ಸಲ ಹೇಳಿದ. ಐದನೇ ಸಲ ಹೇಳಲಿಲ್ಲ, ಚೀಲ ಕಟ್ಟಿದ."

ಅರ್ಷಿಯಾ ಆ ಸಾಲನ್ನು ನೆಟ್ಟಳು. ಬೀಜದಿಂದ ತಾನೇ ಎಬ್ಬಿಸಿದ ಸಸಿಗಳು. ಸಾಯುತ್ತವೆಂದು ಗೊತ್ತಿದ್ದೂ ಮಣ್ಣು ಮುಚ್ಚುವಾಗ ಕೈ ತನ್ನದಲ್ಲ ಅನ್ನಿಸಿತು.

"ಹಿಂಗಿದ್ರೂ ನೀವು ಇಲ್ಲೇ ಅದೀರಲ್ಲ ಓಬವ್ವಾರೇ?"

"ಇಲ್ಲಿ ಗಂಡಸಿಗೆ ಎಷ್ಟೋ ಹೆಂಗಸಿಗೂ ಅಷ್ಟೇ ಸಂಬಳ ಕಣವ್ವ. ನಿಮ್ಮಲ್ಲಿ ಹೆಂಗೆ?"

ಅರ್ಷಿಯಾ ಮನಸ್ಸಿನಲ್ಲೇ ನರ್ಸರಿಯ ಲೆಕ್ಕ ಹಾಕಿದಳು. ಅದೇ ಟ್ರೇ, ಅದೇ ಹೊತ್ತು, ಆದರೆ ಜಯಪ್ಪನಿಗಿಂತ ಅವಳಿಗೆ ಮೂರು ಸಾವಿರ ಕಡಿಮೆ. ಪರರ ಸಂಗತಿಯನ್ನೆಲ್ಲ ಕೆದಕಿ ಕೇಳುವ ತಾನು ಇದೊಂದನ್ನು ಆರು ವರ್ಷ ಕೇಳಿರಲಿಲ್ಲವಲ್ಲ!

ಮರಳಿದವಳೇ ನೇರ ಜಯಪ್ಪನ ಬಳಿ ಹೋದಳು. "ನೀವು ಯಾಕೆ ಬಂದ್ರಿ ಅಂತ ತಿಳೀತು. ಇಲ್ಲಿ ನಿಮ್ಮ ಮಾತಿಗೆ ಬೆಲೆ ಐತೆ."

ಅವನ ಮುಖ ಅರಳಿತು. "ಹೂಂ ಕಣವ್ವ. ಅದನ್ನ ಹೆಂಗೆ ಹೇಳಾಕೆ ಬರ್ತೈತೆ?"

"ಆದ್ರೆ ಅಣ್ಣ, ಒಂದೇ ಕೆಲಸಕ್ಕೆ ನನಗ್ಯಾಕೆ ಕಮ್ಮಿ?"

ಜಯಪ್ಪ ಕೈಯಲ್ಲಿದ್ದ ಟ್ರೇ ಕೆಳಗಿಟ್ಟ. "ಯೋಚ್ನೆನೇ ಮಾಡಿರಲಿಲ್ಲವ್ವ," ಎಂದ.

ಇಬ್ಬರೂ ಕೂಡಿ ಹಾಲಸ್ವಾಮಿಯವರ ಮುಂದೆ ನಿಂತರು.

"ಎಲ್ಲಾ ಕಡೆ ಹಿಂಗೇ ನಡೀತೈತಲ್ಲಮ್ಮ," ಎಂದರು ಅವರು.

"ಜಗಳೂರಾಗೆ ಇಲ್ರಿ," ಎಂದಳು ಅರ್ಷಿಯಾ.

"ನೀರಿನ ವಿಷ್ಯಕ್ಕೆ ನನ್ನ ಮಾತು ಕೇಳ್ತೀರಿ. ಇದಕ್ಕೆ ಆಕೆ ಮಾತು ಕೇಳ್ರಿ," ಎಂದ ಜಯಪ್ಪ.

ಹಾಲಸ್ವಾಮಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಕೊನೆಗೆ, ಎಲ್ಲ ಹೆಂಗಸರಿಗೂ ಕಡಿಮೆ ಇರುವುದರಲ್ಲಿ ಅರ್ಧ ಬರುವ ತಿಂಗಳಿನಿಂದ, ಉಳಿದರ್ಧ ದೀಪಾವಳಿಗೆ ಎಂದರು. ಅಲ್ಲಿಯವರೆಗೆ ಕಾಯುತ್ತೇನೆ, ಆಮೇಲೆ ಇಲ್ಲ ಎಂದು ಅರ್ಷಿಯಾ ಖಡಾಖಂಡಿತವಾಗಿ ಹೇಳಿದಳು.

ಹಾಲಸ್ವಾಮಿ ಮಾತಿಗೆ ತಪ್ಪಲಿಲ್ಲ. ದೀಪಾವಳಿಯ ಸಂಬಳ ಬಂದ ಮರುದಿನ ಜಯಪ್ಪ ಚೇಷ್ಟೆ ಮಾಡಿದ: "ಸಂಬಳ ಸಮ ಆತು. ಇನ್ಮೇಲೆ ಗೊಬ್ಬರದ ಚೀಲ ನೀನೂ ಹೊರಬೇಕು."

"ಯಾವತ್ತು ಹೊತ್ತಿಲ್ಲ, ಹೇಳ್ರಿ ನೋಡೋಣ?" ಎಂದು ಅರ್ಷಿಯಾ ಚೀಲದ ಒಂದು ತುದಿ ಹಿಡಿದಳು. ಜಯಪ್ಪ ನಗುತ್ತಾ ಇನ್ನೊಂದು ತುದಿಗೆ ಕೈ ಹಾಕಿದ.