ಲೆಕ್ಕಕ್ಕೆ ಎರಡು ಮನೆ

ಇನ್ನೊಂದು ಮೊಳೆ ಕಿತ್ತುಬರುವಷ್ಟರಲ್ಲಿ ಅವಳು ಸುತ್ತಿಗೆಯ ತಲೆಯನ್ನೇ ಹಿಡಿದುಕೊಂಡಳು.

"ಬಿಡು, ಕೈಗೆ ಬಿದ್ದೀತು," ಎಂದ ಭಾವ.

"ಬೀಳಲಿ."

ಕನ್ನಡಕದ ಗಾಜು ಉಜ್ಜುವ ಅಂಗಡಿಯಿಂದ ಆಗಷ್ಟೇ ಬಂದಿದ್ದಳು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಹೆಗಲ ಮೇಲೆ ಇನ್ನೂ ಬ್ಯಾಗು. ಪ್ಲೈವುಡ್ ಗೋಡೆಯ ಒಂದು ಹಲಗೆ ಆಗಲೇ ವಾಲಿತ್ತು. ಆ ಸಂದಿಯಲ್ಲಿ ಅತ್ತೆಯ ಅರ್ಧ ಮುಖ.

ಆ ಗೋಡೆ ಎದ್ದದ್ದು ಸುಳ್ಳಿಗೆ. ಕಡಿಮೆ ಕರೆಂಟು ಸುಡುವ ಮನೆಗೆ ಅರ್ಧ ದರ ಎಂದು ಸರ್ಕಾರ ಹೇಳಿದ ವರ್ಷ, ಒಟ್ಟಿಗಿದ್ದ ಅಣ್ಣತಮ್ಮಂದಿರು ಹಜಾರದ ನಡುವೆ ಪ್ಲೈವುಡ್ ಹೊಡೆದು ಎರಡು ಮನೆಯಾದರು. ಎರಡು ಬಾಗಿಲು, ಎರಡು ಮೀಟರು, ಎರಡು ಒಲೆ. ತಪಾಸಣೆಯವರು ಹೋದಮೇಲೆ ಎಲ್ಲರೂ ಒಟ್ಟಿಗೇ ಕೂತು ಉಂಡರು, ನಕ್ಕರು. ಮಾರನೆಯ ಬೆಳಿಗ್ಗೆ ಅವಳೊಬ್ಬಳು ತನ್ನ ಒಲೆಯ ಮೇಲೆ ನೀರಿಟ್ಟು ನೋಡಿದಳು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅನ್ನವಿಟ್ಟಳು. ಆಮೇಲೆ ಬೇಸರವಾದ ದಿನ ಏನೂ ಬೇಯಿಸದೆ ಬ್ರೆಡ್ಡು ತಿಂದು ಮಲಗಿದಳು. ಅದಕ್ಕೂ ಯಾರಿಗೂ ಕಾರಣ ಹೇಳಬೇಕಾಗಲಿಲ್ಲ.

ಈಗ ಅರ್ಧ ದರ ನಿಂತಿತ್ತು, ಊರೆಲ್ಲ ಕರೆಂಟು ಉಳಿಸುತ್ತಿತ್ತು. ಬಸ್ಸಿನ ತುಂಬ ಇಸ್ತ್ರಿಯಿಲ್ಲದ ಅಂಗಿಗಳು. ಕಟ್ಟಡದ ಮೆಟ್ಟಿಲಲ್ಲಿ ಬಲ್ಬು ತೆಗೆದಿದ್ದರು. ಜನ ಗೋಡೆ ಸವರುತ್ತ, ಒಬ್ಬರನ್ನೊಬ್ಬರು ಬೈಯುತ್ತ ಹತ್ತುತ್ತಿದ್ದರು. ಎರಡು ಮೀಟರೆಂದರೆ ಈಗ ಎರಡು ಮೀಟರು ಬಾಡಿಗೆ, ಮೇಲೆ ಪೂರಾ ದರ.

"ಒಂದೇ ಮೀಟರು ಬೇಕಂದ್ರೆ ಒಂದೇ ಅಡುಗೆಮನೆ ಇರಬೇಕಂತೆ," ಎಂದ ಭಾವ. ಲಿಫ್ಟ್ ರಿಪೇರಿಯವನು, ಅರ್ಧಕ್ಕೆ ನಿಂತದ್ದನ್ನು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. "ಅವತ್ತು ಗೋಡೆ ತೋರಿಸಿದ್ವಿ. ಈಗ ಗೋಡೆ ಇಲ್ಲ ಅಂತ ತೋರಿಸೋದು. ಅಷ್ಟೇ ತಾನೇ?"

"ನಾನು ತೋರಿಸೋಕೆ ಅಡುಗೆ ಮಾಡ್ಲಿಲ್ಲ."

"ಎರಡು ಸೌಟಿನ ಸಂಸಾರಕ್ಕೆ ಕೋಟೆ ಬೇರೆ ಕೇಡು," ಎಂದರು ಸಂದಿಯಿಂದ ಅತ್ತೆ. "ನೀನಾದ್ರೂ ಹೇಳೋ."

ಗಂಡ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದ. "ಅಣ್ಣ ಹೇಳೋದೂ ಸರಿ. ಇವಳು ಹೇಳೋದೂ..."

"ಅಡ್ಡಗೋಡೆ ಮೇಲೆ ದೀಪ ಇಡಬೇಡ ಮಾರಾಯ," ಎಂದರು ಅತ್ತೆ. " ದೀಪಕ್ಕೇ ಗತಿಯಿಲ್ಲ."

ಭಾವ ನಕ್ಕ. ಅವಳಿಗೂ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಹೀಗೇ ನಗಿಸಿ ನಗಿಸಿ ಒಳಗೆ ಸೇರಿಸಿಕೊಂಡುಬಿಡುತ್ತಾರೆ ಇವರು.

"ನನ್ನ ಕಡೆ ಮೀಟರು ಕಿತ್ಕೊಂಡು ಹೋಗ್ಲಿ," ಎಂದಳು. "ಗೋಡೆ ಇರ್ಲಿ."

"ತಲೆ ಕೆಟ್ಟಿದೆಯಾ? ನಿನ್ನ ಒಲೆ ಉರಿಯೋದೇ ಕರೆಂಟಿಂದ."

"ತಣ್ಣಗಿರೋದು ತಿಂತೀನಿ."

"ಮತ್ತೆ ಇವನು?"

"ನಿಮ್ಮ ಕಡೆ ಬಂದು ಉಣ್ಣಲಿ. ತಮ್ಮನಿಗೆ ಒಂದು ತುತ್ತು ಹಾಕಲ್ವಾ?"

ಗಂಡ ಚಪ್ಪಲಿ ನೋಡಿಕೊಂಡ. ಭಾವ ಸುತ್ತಿಗೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತ. ದನಿ ಇಳಿಸಿದ.

"ನೋಡು. ಕಿಟಕಿ ರೂಮು ನಿಮಗೇ ಬಿಡ್ತೀವಿ. ನನ್ನವಳೂ ಒಪ್ಪಿದ್ದಾಳೆ."

ಇಡೀ ಮನೆಯಲ್ಲಿ ಗಾಳಿಯಾಡುವ ಕೋಣೆ ಅದೊಂದೇ. ಮದುವೆಯಾಗಿ ಬಂದ ದಿನದಿಂದ ಅವಳ ಕಣ್ಣು ಅದರ ಮೇಲಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಬಾಗಿಲಲ್ಲಿ ಗಂಡ ತಟಕ್ಕನೆ ತಲೆಯೆತ್ತಿದ. ಅತ್ತೆಯ ಮುಖ ಸಂದಿಗೆ ಇನ್ನಷ್ಟು ಹತ್ತಿರ ಬಂತು.

"ಬೇಡ," ಎಂದಳು.